ಹಣಿ ಮಾತ್ರ ನಂದು

ಸನತ್‌ನಗರ, ಹೈದರಾಬಾದ್
೧೨-೧-೨೦೦೪

ಮಾಲಕರಾದ ವಿಜಯಕುಮಾರ ಸಾಹೇಬರಿಗೆ ಸುವರ್ಣಾಳ ನಮಸ್ಕಾರ.

ರೇಸಿನ ಕಾರು ಓಡಸಾಕ ನೀವು ಪಗಾರ ಕೊಡ್ತೀರಿ. ಅದಕ್ಕ ಕಾರಿನ ಮ್ಯಾಲ, ನನ್ನ ಎದಿ ಮ್ಯಾಲ ನಿಮ್ಮ ಸಾಫ್ಟ್‌ವೇರ್ ಕಂಪನಿ ಹೆಸರೈತಿ. ತಕರಾರಿಲ್ಲ. ಆದ್ರ ಹೆಲ್ಮೆಟ್ಟಿನ ಹಣಿ ನಂದು, ಅಲ್ಲಿ ಯಾರ ಜಾಹೀರಾತು ಹಚ್ಚೂದು ಅನ್ನೂದು ನನ್ನ ಮರ್ಜಿ ಅಂತ ಕರಾರಿನಾಗ ನೀವೇ ಸಹಿ ಮಾಡೀರಿ.

ನಿನ್ನೆ ಅಲ್ಲಿ ‘ಹುಸೇನಮ್ಮನ ಖಡಕ್ ರೊಟ್ಟಿ’ ಅಂತ ಕನ್ನಡದಾಗ ಬರದದ್ದು ನೋಡಿ ನಕ್ರಿ. ಮೊಬೈಲ್ ಕಂಪನಿಯವ್ರು ಲಕ್ಷ ಕೊಡ್ತಾರ, ಇದನ್ನ ಕಿತ್ತು ಒಗಿ ಅಂದ್ರಿ.

ಕೀಳೂದಿಲ್ರಿ.

ಹುಸೇನಮ್ಮ ನಮ್ಮವ್ವ. ಮಾಧಾಪುರದಾಗ ನಿಮ್ಮ ಆಫೀಸು ಕಟ್ಟೂ ಮಂದಿಗೆ ಆಕಿ ಬಡದ ರೊಟ್ಟಿ ನಾನೇ ವ್ಯಾನಿನಾಗ ಒಯ್ತಿದ್ದೆ. ಎಷ್ಟು ಜೋರು ತಿರುವಿದ್ರೂ ಒಂದು ರೊಟ್ಟಿ ಮುರೀಬಾರದು, ಮುರದ್ರ ಅವ್ವ ಬಿಡ್ತಿರಲಿಲ್ಲ. ಆ ಕೈ ನೋಡೇ ನೀವು ನನ್ನ ರೇಸಿಗೆ ಕರದ್ರಿ.

ಜಾಹೀರಾತಿಗೆ ಆಕಿ ಕೊಡೂದು ವಾರಕ್ಕೊಂದು ಗಂಟು ರೊಟ್ಟಿ. ನನಗ ಭಾಳ ಆತು.

ರವಿವಾರ ರೇಸಿಗೆ ಬರೂ ಫೋಟೋದವ್ರಿಗೆ ಒಂದು ಮಾತು ಹೇಳ್ರಿ. ಜಾಗ ಸಾಲದಿದ್ರ ನನ್ನ ಮುಖ ಕತ್ತರಿಸ್ಲಿ, ಹಣಿ ಮುಟ್ಟೂದು ಬ್ಯಾಡ. ಹಣಿಬರಹ ಅಳಸಾಕ ಯಾರಿಗೂ ಆಗೂದಿಲ್ರಿ, ಮಾಲಕರಿಗೂ.

ನಿಮ್ಮ ಪಗಾರದಾಕಿ, ಅವ್ವನ ರೊಟ್ಟಿಯಾಕಿ,
ಸುವರ್ಣಾ