ಲೆಕ್ಕಕ್ಕೆ ಸೇರದ ಚಳಿಗಾಲ

ಪ್ರೀತಿಯ ರೈನೊ,

ನೀನು ಹೋದ ಮೇಲೆ ಶನಿವಾರದ ಹಬೆಸ್ನಾನಕ್ಕೆ ಸೌನಾ ಒಲೆ ಹೊತ್ತಿಸಿಲ್ಲ. ಒಬ್ಬಳಿಗಾಗಿ ಅಷ್ಟು ಸೌದೆ ಉರಿಸಲು ಮನಸ್ಸು ಬರುವುದಿಲ್ಲ. ನಿನ್ನ ಹಿಮ ತಳ್ಳುವ ಲಾರಿಯನ್ನು ಬೇರೊಬ್ಬನಿಗೆ ಕೊಟ್ಟಿದ್ದಾರೆ. ಅವನು ಹಿಮವನ್ನೆಲ್ಲ ನಮ್ಮ ಗೇಟಿಗೇ ಗುಡ್ಡೆ ಹಾಕಿ ಹೋಗುತ್ತಾನೆ.

ನನ್ನ ಪ್ರಮಾಣಪತ್ರದ ವಿಷಯ ಹೇಳಬೇಕು. ಸಾಯುವವರ ಆರೈಕೆಯಲ್ಲಿ ಪಳಗಿದ ನರ್ಸ್ ಎಂದು ಆಗಾಗ ನವೀಕರಿಸಬೇಕಲ್ಲ, ಅದು. ಈ ತಿಂಗಳು ಅವಧಿ ಮುಗಿಯುತ್ತದೆ. ರೋಗಿಗಳ ಜೊತೆ ಕಳೆದ ಗಂಟೆಗಳು ನವೀಕರಣಕ್ಕೆ ಸಾಲುತ್ತಿಲ್ಲ. ಹೋದ ಚಳಿಗಾಲ ಪೂರ್ತಿ ರಜೆ ಹಾಕಿ ನಿನ್ನ ಪಕ್ಕದಲ್ಲೇ ಇದ್ದೆನಲ್ಲ. ಈಗ ಮತ್ತೆ ಪರೀಕ್ಷೆ ಬರೆಯಬೇಕು. ಫೇಲಾದರೆ ಹೊಸ ನರ್ಸುಗಳಿಗೆ ಕಲಿಸುವ ಕೆಲಸ ಹೋಗುತ್ತದೆ. ಬೆಳಿಗ್ಗೆ ಎದ್ದು ಮನೆಯಿಂದ ಹೊರಡಲು ನನಗೆ ಉಳಿದಿರುವ ಕಾರಣ ಅದೊಂದೇ.

ನಿನ್ನ ಪಕ್ಕ ಕಳೆದ ಗಂಟೆಗಳನ್ನೂ ಸೇರಿಸಬಹುದೇ ಎಂದು ಪ್ರಮಾಣಪತ್ರದ ಕಚೇರಿಗೆ ಫೋನ್ ಮಾಡಿದೆ. ಎಳೆಯ ಹುಡುಗಿಯ ದನಿ. "ಅವರು ನಿಮ್ಮ ಪೇಷೆಂಟಾ ಮೇಡಂ, ಗಂಡನಾ?" ಎಂದಳು. ನೋವಿಗೆ ಮಾರ್ಫಿನ್ ಕೊಟ್ಟಿದ್ದೂ ಮಗ್ಗುಲು ತಿರುಗಿಸಿದ್ದೂ ನಾನೇ ಎಂದೆ. "ಸಂಬಳ ತಗೊಂಡ್ರಾ?" "ಇಲ್ಲಮ್ಮ." "ಹಾಗಾದ್ರೆ ಲೆಕ್ಕಕ್ಕೆ ಬರಲ್ಲ. ಸಾರಿ ಮೇಡಂ."

ನಮ್ಮ ಮೇಲಧಿಕಾರಿ ಮ್ಯಾಕ್ಸೀನ್ ಗೊತ್ತಲ್ಲ, ಕೇಳಿ ಉರಿದುಬಿದ್ದಳು. "ಆ ಫಾರಂ ಕೊಡೇ ಇಲ್ಲಿ, ನಾನ್ ಸೈನ್ ಹಾಕ್ತೀನಿ. ಅಷ್ಟೂ ದಿನ ನಮ್ಮಲ್ಲೇ ಡ್ಯೂಟಿ ಮಾಡಿದ್ಲು ಅಂತ ಬರೀತೀನಿ. ಆ ಕರಡಿಯಂಥ ಗಂಡಸನ್ನ ಎತ್ತಿ ಕೂರ್ಸಿದ್ದು ಡ್ಯೂಟಿ ಅಲ್ದೆ ಪಿಕ್ನಿಕ್ಕಾ?" ನಗು ಬಂತು, ರೈನೊ. ಎಷ್ಟೋ ದಿನದ ಮೇಲೆ.

ಆದರೂ ಅವಳ ಕೈ ಹಿಡಿದು ಬೇಡ ಎಂದೆ. ನಾವು ನರ್ಸುಗಳು ರೋಗಿಯ ಮನೆಯಲ್ಲಿ ಅಳುವುದಿಲ್ಲ. ಕಾರಿಗೆ ಬಂದು, ಬಾಗಿಲು ಹಾಕಿಕೊಂಡು, ಆಮೇಲೆ ಅಳುತ್ತೇವೆ. ನಿನ್ನ ಪಕ್ಕದಿಂದ ಎದ್ದು ನಾನು ಕಾರಿಗೆ ಹೋಗಲಿಲ್ಲ. ನಿನ್ನ ಎದೆಯ ಮೇಲೆ ತಲೆಯಿಟ್ಟೇ ಅತ್ತೆ. ನಿನ್ನ ಅಂಗಿ ಒದ್ದೆಯಾಯಿತು. "ಬದಲಾಯಿಸ್ಬೇಡ, ಇರ್ಲಿ ಬಿಡು" ಎಂದೆ ನೀನು. ಅದನ್ನು ಡ್ಯೂಟಿ ಎಂದು ಬರೆಸಿದರೆ ನೀನೂ ನನ್ನ ರೋಗಿಗಳಲ್ಲಿ ಒಬ್ಬನಾಗಿಬಿಡುತ್ತೀಯ. ಅದರಲ್ಲಿ ಒಂದು ಗಂಟೆಯನ್ನೂ ಆ ಕಚೇರಿಯವರಿಗೆ ಕೊಡಲಾರೆ.

ಗುರುವಾರ ಪರೀಕ್ಷೆ. ಮೊದಲ ಸಲ ಬರೆದಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳಿದವನು ನೀನು. ಔಷಧಿಗಳ ಹೆಸರನ್ನು ನೀನು ಬೈಗುಳದಂತೆ ಓದುತ್ತಿದ್ದೆ. ಈಗ ಪ್ರಶ್ನೆಯನ್ನೂ ನಾನೇ ಗಟ್ಟಿಯಾಗಿ ಓದುತ್ತೇನೆ, ಉತ್ತರವನ್ನೂ ನಾನೇ ಹೇಳುತ್ತೇನೆ. ಸರಿಯಿದ್ದರೆ ಸರಿ ಎನ್ನುವವರಿಲ್ಲ. ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಪುಟ ತಿರುಗಿಸುತ್ತೇನೆ.

ನೋವಿಲ್ಲದೆ ಮಲಗಿರು.

ಎಂದೂ ನಿನ್ನವಳೇ,
ಐಲಾ