‘ಬೇಡ’ ಎಂದು ಬಂದ ಚೀಟಿ

ಅಜ್ಜಂಪುರ
೧೫ ಡಿಸೆಂಬರ್ ೨೦೨೪

ಪ್ರೀತಿಯ ಮಲ್ಲಿ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಕಳಿಸಿದ ತೆಂಗಿನಕಾಯಿ ಚೀಲ ಬಂದು ಎಷ್ಟೋ ದಿನವಾಯಿತು, ಒಂದು ಮಾತೂ ತಿಳಿಸಲಿಲ್ಲ, ಬೈದುಕೊಳ್ಳಬೇಡ. ಚೀಲದ ಬಾಯಿ ಬಿಚ್ಚಿ ಮತ್ತೆ ಹೊಲಿದ ಹಾಗಿತ್ತು. ಬಸ್ಸಿನವರ ಮೇಲೆ ನನಗೆ ಗುಮಾನಿ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದಲ್ಲಿ ನಿಮ್ಮ ಯಜಮಾನರು ಕೂತಿರುತ್ತಾರೆ. ಇದು ನೀನೊಬ್ಬಳೇ ಓದಬೇಕಾದದ್ದು. ಲಕೋಟೆ ಅಂಟಿಸಿದ ಜಾಗದ ಮೇಲೆ ಸಹಿ ಹಾಕಿದ್ದೇನೆ, ಹರಿದಿದ್ದರೆ ತಿಳಿಸು.

ವಿಷಯ ನಿನ್ನ ಕೃತಿಕಾಳದು. ಹೆದರಬೇಡ, ಹುಡುಗಿ ಆರೋಗ್ಯವಾಗಿದ್ದಾಳೆ. ಪಂಚನಹಳ್ಳಿಯಿಂದ ಅವಳನ್ನು ಇಲ್ಲಿ ಅಜ್ಜಿಯ ಮನೆಗೆ ಕಳಿಸಿ ನಮ್ಮ ಕಾಲೇಜಿಗೆ ಸೇರಿಸಿದಾಗ ‘ನಿನ್ನ ಕಣ್ಣ ಮುಂದೆ ಇರಲಿ’ ಎಂದಿದ್ದೆಯಲ್ಲ, ಕಣ್ಣು ತೆಗೆದೇ ಇಲ್ಲ.

ಈ ಸಲ ಮಕ್ಕಳಿಗೆ ಪ್ರಬಂಧದ ಬಗೆಗಳನ್ನು ಕಲಿಸಲು ಹೊರಟೆ. ಕಥನ, ವರ್ಣನೆ, ವಿವರಣೆ, ವಾದ. ಅವರಿಗೆ ಎಲ್ಲವೂ ಒಂದೇ. ಪೀಠಿಕೆ ಎಂದು ಬರೆದು ಗೆರೆ ಎಳೆ, ವಿಷಯ ವಿವರಣೆ ಎಂದು ಇನ್ನೊಂದು ಗೆರೆ, ಕೊನೆಗೆ ಉಪಸಂಹಾರ. ನಿಮ್ಮಜ್ಜಿಯ ಅಡುಗೆಮನೆಯನ್ನು ವರ್ಣಿಸಿ ಎಂದರೆ ‘ಅಡುಗೆಮನೆ ಮಾನವನಿಗೆ ಅತ್ಯಗತ್ಯ’ ಎಂದು ಶುರುಮಾಡುತ್ತಾರೆ. ನಿನ್ನ ಮಗಳೂ ಅದೇ ದಾರಿ. ಗೈಡಿನಿಂದ ಇಳಿಸಿದ್ದು ಕಂಡರೂ ಸುಮ್ಮನಿದ್ದೆ.

ವಾದದ ಪ್ರಬಂಧಕ್ಕೆ ಚೀಟಿ ಎತ್ತಿಸಿದೆ. ಹೆಣ್ಣುಮಕ್ಕಳನ್ನು ಓದಲು ದೂರದ ಊರಿಗೆ ಕಳಿಸಬೇಕೆ? ಯಾರಿಗೆ ಯಾವ ಚೀಟಿ ಬರುತ್ತದೋ ಆ ಪಕ್ಷ ಹಿಡಿದು ಬರೆಯಬೇಕು. ತನಗೆ ಒಪ್ಪಿಗೆಯಿಲ್ಲದ್ದನ್ನೂ ವಾದಿಸುವುದು ಕಲಿಯಲಿ ಎಂದು. ಕೃತಿಕಾಗೆ ‘ಬೇಡ’ ಎಂದು ಬಂತು.

ಅವಳು ಬರೆದುಕೊಟ್ಟದ್ದನ್ನು ಮತ್ತೆ ಮತ್ತೆ ಓದಿದೆ. ಒಂದೊಂದು ಮಾತೂ ಚೂರಿ. ಅದರಲ್ಲೂ ಮೂರನೆಯ ಪ್ಯಾರಾ ಹದಿನೇಳರ ಹುಡುಗಿ ಬರೆಯುವಂಥದ್ದಲ್ಲ, ಜೀವನ ಕಂಡವರದ್ದು. ಮೊದಲು ಮೊಬೈಲಿನ ಮೇಲೆ ಅನುಮಾನ ಬಂತು. ಆಮೇಲೆ ನಮ್ಮ ಕಾಲೇಜಿನ ಇನ್ನೊಬ್ಬ ಮೇಷ್ಟರು ವಿಶ್ವಾರಾಧ್ಯರ ಮೇಲೆ. ಆ ಮನುಷ್ಯ ಟ್ಯೂಷನ್ ಮಾಡುತ್ತಾರೆ, ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಹುಡುಗಿಯನ್ನು ಸ್ಟಾಫ್ ರೂಮಿನಲ್ಲಿ ನನ್ನೆದುರೇ ಕೂರಿಸಿ ಮತ್ತೆ ಬರೆಸಿದೆ. ಮೊದಲಿನದಕ್ಕಿಂತ ಚೂಪಾಗಿ ಬರೆದಳು.

ಇದೆಲ್ಲ ಎಲ್ಲಿಂದ ಬಂತೇ ಎಂದು ಕೇಳಿದೆ.

“ಅಮ್ಮ ಅಜ್ಜಿ ಹತ್ರ ಫೋನಲ್ಲಿ ಮಾತಾಡೋದೇ ಮಿಸ್. ನಾನು ಬರೀ ಉಪಸಂಹಾರ ಸೇರಿಸ್ದೆ.”

ನಾನು ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆ. ಕೊಡದೆ ಹೇಗಿರಲಿ, ಚೆನ್ನಾಗಿ ಬರೆದಿದ್ದಳು.

ಪೋಷಕರ ಸಭೆಯಲ್ಲಿ ವಿಶ್ವಾರಾಧ್ಯರು ಅದನ್ನೇ ಎತ್ತಿಕೊಂಡು ಓದಿದರು, ಮಧ್ಯೆ ಒಂದು ಪ್ಯಾರಾ ಬಿಟ್ಟು. ಚೀಟಿಯ ವಿಷಯ ಹೇಳಲೇ ಇಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಆ ದೇವರೇ ಬಲ್ಲ. ಪೋಷಕರೆಲ್ಲ ಚಪ್ಪಾಳೆ ತಟ್ಟಿದರು. ನಿಮ್ಮ ಯಜಮಾನರು ಕಣ್ಣೊರೆಸಿಕೊಂಡರು. ಅದು ಅಭ್ಯಾಸಕ್ಕೆ ಬರೆಸಿದ್ದು, ಅವಳ ಅಭಿಪ್ರಾಯವಲ್ಲ ಎಂದು ನಾನು ಹೇಳಹೋದರೆ ನಿಮ್ಮ ಯಜಮಾನರೇ ನಗುತ್ತಾ ಕೈಮುಗಿದರು.

“ಮಗಳೇ ಬರ್ದವ್ಳಲ್ಲ ಮೇಡಂ, ಇನ್ನೇನೈತೆ? ಮೈಸೂರೂ ಬ್ಯಾಡ, ಎಲ್ಲೂ ಬ್ಯಾಡ. ಪಿಯುಸಿ ಮುಗೀಲಿ, ಮನೇಲಿರ್ತಾಳೆ.”

ಆಮೇಲೆ ಕಾಲೇಜಿನ ಜಗಲಿಯಲ್ಲಿ ಅವಳನ್ನು ಹಿಡಿದು ಕೇಳಿದೆ, ನಿನ್ನ ಸ್ವಂತ ಅಭಿಪ್ರಾಯ ಏನು ಎಂದು. ತಲೆ ಎತ್ತದೆ ಹೇಳಿದಳು, “ನಂಗೆ ಹೋಗ್ಬೇಕು ಮಿಸ್. ಆದ್ರೆ ನನ್ ಚೀಟೀಲಿ ಬೇಡ ಅಂತ ಬಂತಲ್ಲ.”

ಮಲ್ಲಿ, ಮಗುವನ್ನು ನನ್ನ ಪಾಠವೇ ಕಟ್ಟಿಹಾಕಿದ ಹಾಗಾಯಿತು. ಇದನ್ನು ಬಿಡಿಸುವುದು ನಿನ್ನ ಕೈಯಲ್ಲಿದೆ. ನಿಮ್ಮ ಯಜಮಾನರು ನಿನ್ನ ಮಾತು ತೆಗೆದುಹಾಕುವವರಲ್ಲ. ಮೈಸೂರಿನಲ್ಲಿ ಮಠದ ಹಾಸ್ಟೆಲ್ ಇದೆ, ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ. ನೀನು ಹೂಂ ಅನ್ನಬೇಕು ಅಷ್ಟೆ.

ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು. ಚಿಕ್ಕವಳು ಸ್ಫೂರ್ತಿಗೆ ನನ್ನ ಆಶೀರ್ವಾದ. ಅವಳು ಎಲ್ಲಿಗೆ ಹೋಗಬೇಕು ಎನ್ನುತ್ತಾಳೋ ಅಲ್ಲಿಗೆ ಹೋಗುವಂತಾಗಲಿ.

ನಿನ್ನ
ಸುಮನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ವಿಶ್ವಾರಾಧ್ಯರು ಓದದೆ ಬಿಟ್ಟ ಮೂರನೆಯ ಪ್ಯಾರಾದಲ್ಲಿ ಇದ್ದದ್ದು ಇಷ್ಟು: ‘ನಮ್ಮಮ್ಮನ ಗೆಳತಿಯೊಬ್ಬರು ಮೈಸೂರಿಗೆ ಹೋಗಿ ಓದಿ ಬಂದರು. ಈಗ ಒಬ್ಬರೇ ಇದ್ದಾರೆ. ಹಾಲಿನವನು ನೀರು ಬೆರೆಸುತ್ತಾನೆಂದು ಬೆಳಗಾದರೆ ಅವನ ಕೊಟ್ಟಿಗೆಯಲ್ಲಿ ನಿಂತಿರುತ್ತಾರೆ. ಯಾರನ್ನೂ ನಂಬುವುದಿಲ್ಲ, ಅವರ ಮನೆಗೆ ಯಾರೂ ಹೋಗುವುದಿಲ್ಲ. ಓದಿಸಿದರೆ ಹೆಣ್ಣು ಹೀಗಾಗುತ್ತಾಳೆ.’ ಅಷ್ಟನ್ನು ಮನಸ್ಸಿನಲ್ಲೇ ಓದಿಕೊಂಡು ಆ ಮನುಷ್ಯ ನನ್ನ ಮುಖ ನೋಡಿ ಪುಟ ಮಗುಚಿದರು. ಅವರ ಮೇಲೆ ಅನುಮಾನ ಪಟ್ಟಿದ್ದೆನಲ್ಲ.

ಉದಾಹರಣೆಯಿಲ್ಲದ ವಾದ ನಿಲ್ಲುವುದಿಲ್ಲ ಎಂದು ಕಲಿಸಿದವಳು ನಾನೇ. ಹುಡುಗಿಯನ್ನು ಬೈಯಬೇಡ, ಅದು ನಾನೆಂದು ಅವಳಿಗೆ ಗೊತ್ತಿದೆಯೋ ಇಲ್ಲವೋ. ಹಾಲಿನವನ ಕೊಟ್ಟಿಗೆಯ ವಿಷಯವನ್ನು ನಾನು ನಗುತ್ತಾ ಹೇಳಿದ್ದು ನಿನಗೊಬ್ಬಳಿಗೇ. ನನ್ನ ಬಗ್ಗೆ ಏನು ಬೇಕಾದರೂ ಅಂದುಕೋ ಮಲ್ಲಿ, ನನ್ನನ್ನು ತೋರಿಸಿ ಅವಳನ್ನು ತಡೆಯಬೇಡ. ತರೀಕೆರೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ದಿನದಿಂದ ಇಲ್ಲಿಯವರೆಗೆ, ನಾನು ಒಂದು ದಿನವೂ ಅನುಮಾನ ಪಡದಿದ್ದವಳು ನೀನೊಬ್ಬಳೇ.