ಚಕ್ಕಿನಲ್ಲೇ ಉಳಿದ ಹಿತ್ತಾಳೆ

ವರ್ಮಾಂಟ್
ಮಾರ್ಚ್ ೯, ಭಾನುವಾರ

ಪ್ರೀತಿಯ ಥಿಯಾ,

ಈ ಕಾಗದವನ್ನು ಪೂರ್ತಿ ಬಿಡಿಸುವ ಮೊದಲು ಕೆಳಗೊಂದು ತಟ್ಟೆ ಇಟ್ಟುಕೊ. ಯಾಕೆಂದು ಕೊನೆಗೆ ಹೇಳುತ್ತೇನೆ. ಕಾಲೇಜಿನಲ್ಲಿ ಒಂದೇ ವರ್ಷ ಓದಿದ ಇಂಗ್ಲಿಷಿನಲ್ಲಿ ನನಗೆ ನೆನಪಿರುವುದು ಇಷ್ಟು: ಪತ್ರಕ್ಕೆ ಒಂದೇ ವಿಷಯವಿರಬೇಕು, ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಮೇಷ್ಟ್ರು ಇನ್ನೂ ಏನೇನೋ ಹೇಳುತ್ತಿದ್ದರು, ಅಷ್ಟರಲ್ಲಿ ಕಿಟಕಿಯಾಚೆ ನಿನ್ನ ಅಮ್ಮ ಕೊರಿನ್ ಸೈಕಲ್ಲಿನಲ್ಲಿ ಹೋದಳು. ನನ್ನ ವಿದ್ಯೆ ಅಲ್ಲಿಗೇ ನಿಂತಿತು. ಈಗ ನೋಡು, ಮೊದಲ ಸಾಲು ತಟ್ಟೆಗೆ ಹೋಯಿತು. ವಿಷಯ ನಿನ್ನ ಅಮ್ಮನ ಲೇತಿನದು, ನೆಲಮಾಳಿಗೆಯಲ್ಲಿರುವ ಆ ಲೋಹ ಕಡೆಯುವ ಯಂತ್ರದ್ದು.

ಲೇತ್ ಕೊಳ್ಳಲೆಂದು ನೀನು ಕಳಿಸಿದ ಪ್ರೂಯಿಟ್‌ನನ್ನು ನಾನು ಯಾಕೆ ಬರಿಗೈಯಲ್ಲಿ ವಾಪಸ್ ಕಳಿಸಿದೆ ಎಂದು ನೀನು ಫೋನಿನಲ್ಲಿ ಕೇಳಿದೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ನೀರು ಹೆಪ್ಪುಗಟ್ಟಿ ಜಾರುತ್ತಿತ್ತು ಎಂದು ನಾನೆಂದೆ. ಮೆಟ್ಟಿಲು ಒಣಗಿಯೇ ಇತ್ತು. ಪಾಪ, ಆ ಮನುಷ್ಯ ಮರ್ಯಾದಸ್ಥ. ಲೇತನ್ನು ಸುತ್ತಿ ನೋಡಿ, ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿಗೆ ಕೀಲಿ ಹಾಕಿ ಸಡಿಲಿಸಲು ಹೋದ. ನಾನು "ಕೈ ತೆಗಿ!" ಎಂದು ಕಿರುಚಿದೆ. ಅವನು ಬೆಚ್ಚಿ, "ಯಜಮಾನ್ರೇ, ನೀವು ಮಾರ್ತಿರೋದು ಲೇತೋ, ಮೊಮ್ಮಗುವೋ?" ಎಂದು ಟೋಪಿ ಎತ್ತಿಕೊಂಡು ಹೊರಟ.

ಚಕ್ಕಿನ ಮೂರು ಹಲ್ಲುಗಳ ನಡುವೆ ನಿನ್ನ ಅಮ್ಮನ ಕೆಲಸ ಇನ್ನೂ ಕಚ್ಚಿಕೊಂಡು ಕೂತಿದೆ, ಥಿಯಾ. ಒಂದು ಹಿತ್ತಾಳೆ ತುಂಡು. ಆಸ್ಪತ್ರೆಗೆ ಹೊರಟ ದಿನ ಕಾರಿನ ಬಾಗಿಲಲ್ಲಿ ನಿಂತು, "ಅದನ್ನ ಬಿಚ್ಬೇಡ ಆರ್ವಿಲ್, ಬಂದು ಮುಗಿಸ್ತೀನಿ" ಎಂದಿದ್ದಳು. ಅವಳ ನಿಯಮ ನಿನಗೆ ಗೊತ್ತೇ ಇದೆ, ಶಾಲೆಯ ಹುಡುಗಿಯಾಗಿದ್ದಾಗ ಅವಳ ಪಕ್ಕ ನಿಂತು ಕಲಿತವಳು ನೀನು: ಒಮ್ಮೆ ಚಕ್ಕಿನಿಂದ ತೆಗೆದ ತುಂಡು ಮತ್ತೆ ಅದೇ ನಡುವಿಗೆ ಕೂರುವುದಿಲ್ಲ.

ಅವಳು ಬರಲಿಲ್ಲ. ನಾನು ಮೇಲೆ ಕಂಬಳಿ ಹೊದಿಸಿ ಸುಮ್ಮನಾದೆ. ತೇವ ಸುಮ್ಮನಾಗಲಿಲ್ಲ. ಪ್ರೂಯಿಟ್ ಸರಿಸಿದ್ದ ಕಂಬಳಿಯನ್ನು ಅವನು ಹೋದ ಮೇಲೆ ಪೂರ್ತಿ ತೆಗೆದು ನೋಡಿದರೆ ಉಕ್ಕೆಲ್ಲ ಕೆಂಪಡರಿತ್ತು. ಯಂತ್ರ ತಿರುಗಿಸುವ ಚರ್ಮದ ಬೆಲ್ಟನ್ನು ಇಲಿ ತಿಂದಿತ್ತು. ಸೀಮೆಎಣ್ಣೆ ಹಾಕಿ ಉಜ್ಜತೊಡಗಿದೆ. ಸಾಲದು ಎಂದಾಗ ಲಿಯೋನಾಳನ್ನು ಕರೆದೆ. ಕಾರ್ಖಾನೆಯಲ್ಲಿ ನಿನ್ನ ಅಮ್ಮನ ಪಕ್ಕದ ಯಂತ್ರದವಳು. ಬಾಯಿ ಈಗಲೂ ಹಾಗೇ ಇದೆ.

"ಜೀವಮಾನವೆಲ್ಲ ಟಪಾಲು ಹಂಚಿದ ಕೈ ನಿಂದು. ಇದಕ್ಕೂ ಸ್ಟಾಂಪ್ ಅಂಟಿಸಿಬಿಟ್ಟೀಯ," ಎನ್ನುತ್ತಲೇ ನನ್ನ ಸೇಬಿನ ಪೈ ಅರ್ಧ ಮುಗಿಸಿದಳು. ಹೊಸ ಬೆಲ್ಟನ್ನೂ ತಂದಿದ್ದಳು, ತುದಿಗಳು ಸೇರಿ ಬಳೆಯಂತಿದ್ದದ್ದು. ಅದನ್ನು ಹಾಕಲು ತಿರುಗುವ ದಂಡವನ್ನೇ ಹೊರಗೆಳೆಯಬೇಕು, ಅದಕ್ಕೆ ಮೊದಲು ಚಕ್ ಬಿಚ್ಚಬೇಕು. ತುಕ್ಕು ಹಿಡಿದ ಚಕ್ಕು ಸುತ್ತಿಗೆಯ ಏಟಿಲ್ಲದೆ ಜಗ್ಗದು. ಏಟು ಬಿದ್ದರೆ ಒಳಗಿನ ಹಿತ್ತಾಳೆ ಅಲುಗುತ್ತದೆ.

ನಾನು ಬೇಡವೆಂದೆ. "ಮೊಂಡ! ಹಿಂಗೆಲ್ಲ ಅರ್ಧಂಬರ್ಧ ರಿಪೇರಿ ನನ್ನ ಕೈಲಿ ಮಾಡಿಸ್ಬೇಡ," ಎಂದು ಸುತ್ತಿಗೆ ಎತ್ತಿಯೇ ಬಿಟ್ಟಳು. ನಾನು ಚಕ್ಕಿಗೆ ಅಂಗೈ ಅಡ್ಡ ಇಟ್ಟೆ. ಆಗ ಅವಳು ಕನ್ನಡಕ ಇಳಿಸಿಕೊಂಡು ತುಂಡನ್ನು ನೋಡಿದಳು. "ಇದು ಕೊರಿನ್ ಕೈಕೆಲಸ ಅಲ್ವಾ?" ಎಂದಳು. ಸುತ್ತಿಗೆ ಕೆಳಗಿಟ್ಟಳು. ಆಮೇಲೆ ಚಾಕು ತೆಗೆದು, ಆ ಚೆಂದದ ಹೊಸ ಬೆಲ್ಟನ್ನು ಸರಕ್ಕನೆ ಕತ್ತರಿಸಿ, ದಂಡಕ್ಕೆ ಸುತ್ತಿ, ತುದಿಗಳನ್ನು ಬೂಟಿನ ಲೇಸಿನಂತೆ ಹೊಲಿದಳು. "ಹೊಲಿಗೆ ಟಕ್ ಟಕ್ ಅಂತ ಸದ್ದು ಮಾಡತ್ತೆ. ಮಾಡ್ಲಿ ಬಿಡು," ಎಂದಳು.

ಅಷ್ಟಾದರೂ ಲೇತಿನ ಮೇಲಿಟ್ಟ ರಸಮಟ್ಟದ ಗುಳ್ಳೆ ಒಂದು ತುದಿಯಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಓಡುತ್ತಿತ್ತು. ಲೇತ್ ಅಲುಗಬಾರದೆಂದು ನಾನೇ ಅದರ ಕಾಲುಗಳನ್ನು ನೆಲಕ್ಕೆ ಬಲವಾಗಿ ಬಿಗಿದಿದ್ದೆ. "ನೆಲ ಸೊಟ್ಟ. ಅದಕ್ಕೆ ಬಿಗಿದ್ರೆ ಇದೂ ಸೊಟ್ಟ. ಎರಕದ ಕಬ್ಬಿಣ ಅಂದ್ರೆ ತಿರುಚೋದೇ ಇಲ್ಲ ಅಂದ್ಕೊಂಡ್ಯಾ?" ಎಂದು ಲಿಯೋನಾ ಬೈದಳು. ಬೋಲ್ಟು ಸಡಿಲಿಸಿ, ಮೇಪಲ್ ಪಾಕದ ಡಬ್ಬಿಯ ತಗಡು ಕತ್ತರಿಸಿ ಒಂದು ಕಾಲಿನಡಿ ತೂರಿಸಿದೆವು. ಗುಳ್ಳೆ ನಡುವಿಗೆ ಬಂದು ನಿಂತಿತು.

ನಿನ್ನೆ ಮುಳ್ಳಿರುವ ಅಳತೆಯ ಡಯಲನ್ನು ಹಿತ್ತಾಳೆಗೆ ತಾಗಿಸಿ ಚಕ್ಕನ್ನು ಕೈಯಿಂದ ತಿರುಗಿಸಿದೆವು. ಇಷ್ಟು ತೇವ ಕಂಡಿದೆ, ಇಷ್ಟು ಅಲುಗಾಡಿದೆ, ನಡು ತಪ್ಪಿದ್ದರೆ ಮುಳ್ಳು ಕುಣಿಯುತ್ತದೆ, ಕುಣಿದರೆ ಎಲ್ಲ ಮುಗಿದಂತೆ. ನನಗೆ ನೋಡಲು ಧೈರ್ಯವಾಗಲಿಲ್ಲ. ಲಿಯೋನಾ ನೋಡಿದಳು. "ಮುಳ್ಳು ನಿದ್ದೆ ಮಾಡ್ತಿದೆ ಕಣೋ," ಎಂದಳು. ಸ್ವಿಚ್ ಒತ್ತಿದೆವು, ಲೇತ್ ಟಕ್ ಟಕ್ ಎನ್ನುತ್ತಾ ತಿರುಗಿತು. ಅಷ್ಟೇ, ಆರಿಸಿ ಮೇಲೆ ಬಂದೆವು.

ಆ ಹಿತ್ತಾಳೆ ತುಂಡು ನಿನ್ನದು, ಥಿಯಾ. ಗೋಡೆಯ ನೇರ ನೋಡಲು ದಾರದಲ್ಲಿ ಇಳಿಬಿಡುವ ತೂಗುಗುಂಡು. ನೀನು ಊರಿನವರಿಗೆಲ್ಲ ಮನೆ ಕಟ್ಟಿಕೊಡುತ್ತೀಯಲ್ಲ, ನಿನ್ನದೇ ಮನೆಯ ಮೊದಲ ಗೋಡೆಗೆಂದು ಮಾಡುತ್ತಿದ್ದಳು. ಮುಗಿಯುವವರೆಗೆ ಹೇಳಬೇಡ ಎಂದಿದ್ದಳು. ದಾರದ ತೂತು ಆಗಿದೆ. ಚೂಪು ಮೊನೆ ಬಾಕಿ. ಅದು ಲಿಯೋನಾ ಕೈಯದೂ ಅಲ್ಲ, ನನ್ನದೂ ಅಲ್ಲ. ಮೇಪಲ್ ಮರಗಳಿಗೆ ಬಕೆಟ್ ಕಟ್ಟಿಯಾಗಿದೆ, ಹಗಲೆಲ್ಲ ರಸ ತೊಟ್ಟಿಕ್ಕುತ್ತಿದೆ. ಹಿಮ ಕರಗಿ ರಸ್ತೆ ಕೆಸರಾಗುವ ಮೊದಲು ಬಾ. ಮೊನೆ ಕಡೆದು ಮುಗಿಸಿ, ನಿನ್ನ ಕೈಯಾರೆ ಚಕ್ ಬಿಚ್ಚು. ಆಮೇಲೂ ಲೇತ್ ಮಾರಬೇಕು ಎಂದರೆ ಪ್ರೂಯಿಟ್‌ಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ.

ಕೈಗೆ ಸೀಮೆಎಣ್ಣೆ ವಾಸನೆ ಹಿಡಿದಿರುವ
ನಿನ್ನ ಅಪ್ಪ,
ಆರ್ವಿಲ್

ತಾ.ಕ.: ಕಾಗದದ ಮಡಿಕೆಯಲ್ಲಿ ಹಿತ್ತಾಳೆ ಪುಡಿ ಇದೆ, ತಟ್ಟೆ ಅದಕ್ಕೇ. ಆರಿಸಿ ಮೇಲೆ ಬಂದೆವು ಎಂದೆನಲ್ಲ, ಲಿಯೋನಾ ಮನೆಗೆ ಹೋದ ಮೇಲೆ ನಾನೊಬ್ಬನೇ ಮತ್ತೆ ಇಳಿದೆ. ಮೊನೆಯ ತಂಟೆಗೆ ಹೋಗಲಿಲ್ಲ, ದಪ್ಪ ಬದಿಯಲ್ಲಿ ಕೂದಲೆಳೆಯಷ್ಟು ತೆಗೆದೆ. ಅದು ಲೇತಿನ ಕೆಳಗಿನ ಟ್ರೇಯಲ್ಲಿ ನಿನ್ನ ಅಮ್ಮನ ಹಳೆಯ ಪುಡಿಯ ಮೇಲೆಯೇ ಬಿತ್ತು. ಮಂಕಾಗಿರುವುದು ಅವಳದು, ಹೊಳೆಯುವುದು ನನ್ನದು. ಬೇರೆ ಮಾಡಲು ಹೋಗಬೇಡ.